ಬಂದದ್ದನ್ನು ಬರೆದುಕೊಳ್ಳುವ ಕೆಲಸ

(ಕಚೇರಿ ಕೆಲಸಕ್ಕೆ ಹೊಸದಾಗಿ ಸೇರಿದವರು, ಕಾನೂನು ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರು ಸೇರಿದ್ದ ಸಭೆಯಲ್ಲಿ ನಿವೃತ್ತ ಶಿರಸ್ತೇದಾರರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಸಿವಿಲ್ ದಾವೆಯೊಂದು ಯಾವ ಗಳಿಗೆಯಲ್ಲಿ ಹುಟ್ಟುತ್ತದೆ? ಕಾನೂನು ಓದುತ್ತಿರುವವರು ಸ್ವಲ್ಪ ಸುಮ್ಮನಿರಿ, ಉಳಿದವರು ಹೇಳಲಿ. ನ್ಯಾಯಾಧೀಶರು ಕಡತ ತೆರೆದಾಗ ಎಂದು ಅಲ್ಲೊಬ್ಬರು ಹೇಳುತ್ತಿದ್ದೀರಿ. ಎದುರು ಪಕ್ಷಕ್ಕೆ ಸಮನ್ಸ್ ಹೋದಾಗ ಎಂದು ಇನ್ನೊಬ್ಬರು. ಎರಡೂ ಅಲ್ಲ. 1963ರ ಕಾಲಮಿತಿ ಕಾಯ್ದೆಯ 3ನೆಯ ಕಲಮು ಹೇಳುವಂತೆ, ಸಾಮಾನ್ಯವಾಗಿ ವಾದಪತ್ರವನ್ನು, ಎಂದರೆ ದಾವೆ ಹಾಕುವವನ ಅಹವಾಲು ಬರೆದ ಕಾಗದವನ್ನು, ಅದಕ್ಕೆಂದು ಇರುವ ಅಧಿಕಾರಿಗೆ ಸಲ್ಲಿಸಿದಾಗ ದಾವೆ ಹೂಡಿದಂತಾಗುತ್ತದೆ. ಆ ಅಧಿಕಾರಿ ನ್ಯಾಯಾಧೀಶರೇ ಆಗಬೇಕೆಂದಿಲ್ಲ. ನಮ್ಮ ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಆ ಕೈ ಸಾಮಾನ್ಯವಾಗಿ ಕಚೇರಿ ಸಿಬ್ಬಂದಿಯ ಮೇಲ್ವಿಚಾರಕರಾದ ಶಿರಸ್ತೇದಾರರದು, ಇಲ್ಲವೇ ಅವರ ಪರವಾಗಿ ಫೈಲಿಂಗ್ ಕೌಂಟರಿನಲ್ಲಿ ಕೂತ ಗುಮಾಸ್ತರದು.

ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಿ. ಕೈಸಾಲ ವಸೂಲಿಗೆ ದಾವೆ ಹಾಕಲು ಮೂರು ವರ್ಷ ಗಡುವು. ಗಡುವಿನ ಕೊನೆಯ ದಿನ ಸಂಜೆಯೊಳಗೆ ಆ ಕಾಗದ ಕೌಂಟರಿನ ಮೇಲೆ ಬಂದು, ಅದರ ಮೇಲೆ ತಾರೀಖಿನ ಮೊಹರು ಬಿದ್ದರೆ ಸಾಲ ಕೊಟ್ಟವನ ಹಕ್ಕು ಉಳಿಯುತ್ತದೆ. ಮರುದಿನದ ಮೊಹರು ಬಿದ್ದರೆ ಹಣ ನಿಜವಾಗಿಯೂ ಕೊಟ್ಟಿದ್ದನೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆ ಸಂಜೆ ನ್ಯಾಯಾಧೀಶರು ಇನ್ನೂ ಏನನ್ನೂ ಓದಿರುವುದಿಲ್ಲ, ವಕೀಲರು ಇನ್ನೂ ವಾದವನ್ನೇ ಆರಂಭಿಸಿರುವುದಿಲ್ಲ. ಮೊಹರು ಮಾತ್ರ ತನ್ನ ಕೆಲಸ ಮುಗಿಸಿರುತ್ತದೆ.

ನಾನು ಈ ಕೆಲಸದಲ್ಲಿ ಸಾಕಷ್ಟು ಕಾಲ ಇದ್ದು ಶಿರಸ್ತೇದಾರನಾಗಿ ನಿವೃತ್ತನಾದವನು. ಇಂದು ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ನ್ಯಾಯಾಲಯವಿರಲಿ, ಪುರಸಭೆಯಿರಲಿ, ಪರವಾನಗಿ ಕೊಡುವ ಕಚೇರಿಯಿರಲಿ, ಗುಮಾಸ್ತರಿಗೆ ಕಾನೂನು ಕೊಟ್ಟಿರುವುದು ಬಂದದ್ದನ್ನು ತೆಗೆದುಕೊಂಡು, ಬಂದ ದಿನವೇ, ಬಂದ ಹಾಗೆಯೇ ಬರೆದುಕೊಳ್ಳುವ ಅಧಿಕಾರ. ಬೇಡ ಎನ್ನುವ ಅಧಿಕಾರವನ್ನು ಅದು ಬಹಳ ಎಚ್ಚರದಿಂದ ಬೇರೆಯವರ ಕೈಯಲ್ಲಿ ಇಟ್ಟಿದೆ. ನಮ್ಮ ಕಚೇರಿಗಳ ಬಗ್ಗೆ ಜನ ಹೇಳುವ ದೂರುಗಳಲ್ಲಿ ಹೆಚ್ಚಿನವು, ಈ ಎರಡು ಅಧಿಕಾರಗಳು ಕಿಟಕಿಯಲ್ಲೇ ಒಂದಾಗಿಬಿಟ್ಟಾಗ ಹುಟ್ಟಿದವು.

ಮೊದಲು ನ್ಯಾಯಾಲಯವನ್ನೇ ನೋಡೋಣ. ವಾದಪತ್ರ ಬಂದ ಮೇಲೆ ಕಚೇರಿ ಪರಿಶೀಲನೆ ಮಾಡುತ್ತದೆ. ನ್ಯಾಯಾಲಯ ಶುಲ್ಕ ಸರಿಯಿದೆಯೇ, ಪ್ರತಿವಾದಿಗಳಿಗೆ ಬೇಕಾದಷ್ಟು ಪ್ರತಿಗಳಿವೆಯೇ, ವಕೀಲರನ್ನು ನೇಮಿಸುವ ವಕಾಲತ್ತಿಗೆ ಸಹಿಯಾಗಿದೆಯೇ, ಬರೆದದ್ದು ನಿಜವೆಂಬ ಸತ್ಯಾಪನೆ ಇದೆಯೇ ಎಂದು ನೋಡಿ, ಕೊರತೆಯಿದ್ದರೆ ಆಕ್ಷೇಪಣೆ ಬರೆಯುತ್ತದೆ. ಅದಕ್ಕೆ ಕಚೇರಿ ಆಕ್ಷೇಪಣೆ ಎಂದೇ ಹೆಸರು. ಇಲ್ಲಿಗೆ ಕಚೇರಿಯ ಪಾಲು ಮುಗಿಯಿತು. ವಾದಪತ್ರವನ್ನು ತಿರಸ್ಕರಿಸಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೆಯ ಆದೇಶದ 11ನೆಯ ನಿಯಮದಡಿ ನ್ಯಾಯಾಲಯವೇ ತಿರಸ್ಕರಿಸಬೇಕು. 12ನೆಯ ನಿಯಮದ ಪ್ರಕಾರ ನ್ಯಾಯಾಧೀಶರು ಕಾರಣ ಬರೆದು ಆದೇಶ ಮಾಡಬೇಕು. ಬೇರೆ ನ್ಯಾಯಾಲಯಕ್ಕೆ ಹೋಗಬೇಕಾದ ದಾವೆಯೆಂದು ಹಿಂದಿರುಗಿಸುವುದಾದರೂ, ಸಲ್ಲಿಸಿದ ದಿನ, ಹಿಂದಿರುಗಿಸಿದ ದಿನ, ಸಲ್ಲಿಸಿದವರ ಹೆಸರು ಮತ್ತು ಕಾರಣ ಇಷ್ಟನ್ನೂ ನ್ಯಾಯಾಧೀಶರು ವಾದಪತ್ರದ ಮೇಲೆಯೇ ಬರೆಯಬೇಕು. ಶುಲ್ಕ ಕಡಿಮೆ ಬಿದ್ದಿದ್ದರೂ 149ನೆಯ ಕಲಮಿನಡಿ ನ್ಯಾಯಾಲಯ ಅವಕಾಶ ಕೊಡಬಹುದು. ಆಮೇಲೆ ತುಂಬಿದ ಶುಲ್ಕ ಮೊದಲ ದಿನವೇ ತುಂಬಿದಂತೆ ಲೆಕ್ಕಕ್ಕೆ ಬರುತ್ತದೆ.

1908ರಲ್ಲಿ ಈ ಸಂಹಿತೆ ಬರೆದವರು ಗುಮಾಸ್ತರ ಮೇಲೆ ಪ್ರೀತಿಯಿಂದಾಗಲಿ ಸಿಟ್ಟಿನಿಂದಾಗಲಿ ಹೀಗೆ ಬರೆದಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಬರಹದಲ್ಲಿರುವ ನಿರಾಕರಣೆಯನ್ನು ಮೇಲಿನವರ ಮುಂದೆ ಪ್ರಶ್ನಿಸಬಹುದು. ಬಾಯಿಮಾತಿನ ನಿರಾಕರಣೆಯನ್ನು ಯಾರ ಮುಂದೆ ಹೇಗೆ ಪ್ರಶ್ನಿಸುವುದು? ಈ ಲೆಕ್ಕಾಚಾರ ಅವರಿಗೆ ಚೆನ್ನಾಗಿ ಗೊತ್ತಿತ್ತು.

ದಾಖಲಾದ ದಾವೆಗಳಿಗೆ ವಹಿಯೊಂದಿದೆ, ಸಿವಿಲ್ ದಾವೆಗಳ ರಿಜಿಸ್ಟರ್. 4ನೆಯ ಆದೇಶದ 2ನೆಯ ನಿಯಮದಂತೆ ಪ್ರತಿ ವರ್ಷ ಹೊಸದಾಗಿ ಒಂದರಿಂದ ಸಂಖ್ಯೆ ಶುರುವಾಗಬೇಕು, ದಾವೆಗಳನ್ನು ಅಂಗೀಕರಿಸಿದ ಕ್ರಮದಲ್ಲೇ ಸಂಖ್ಯೆ ಬೀಳಬೇಕು. ನಡುವೆ ಜಾಗ ಬಿಡುವಂತಿಲ್ಲ, ಹಿಂದಿನ ತಾರೀಖಿಗೆ ಒಂದನ್ನು ತೂರಿಸುವಂತಿಲ್ಲ. ಈಗ ಇದೇ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಎಂಬ ಗುರುತಿನ ಸಂಖ್ಯೆ ಬರುತ್ತದೆ. ನಮ್ಮ ರಾಜ್ಯದ್ದಾದರೆ ‘ಕೆಎ’ಯಿಂದ ಶುರುವಾಗಿ ವರ್ಷದ ನಾಲ್ಕು ಅಂಕಿಗಳಲ್ಲಿ ಮುಗಿಯುತ್ತದೆ. ಮೊಬೈಲಿನಲ್ಲಿ ಅದನ್ನು ಒತ್ತಿದರೆ ಮುಂದಿನ ವಾಯಿದೆ ಯಾವತ್ತೆಂದು ಮನೆಯಲ್ಲೇ ಕೂತು ನೋಡಬಹುದು. ವಾಯಿದೆ ಕೇಳಲೆಂದೇ ಕಕ್ಷಿಗಾರರು ಕಚೇರಿ ಬಾಗಿಲಿಗೆ ಬರುತ್ತಿದ್ದ ಕಾಲವನ್ನು ಕಂಡವನಿಗೆ ಇದು ಸಣ್ಣ ಬದಲಾವಣೆಯಲ್ಲ.

ಬರೆದುಕೊಳ್ಳುವುದೆಂದರೆ ಹೇಗೆ ಬರೆದುಕೊಳ್ಳುವುದು? ಇದಕ್ಕೆ ಬಹಳ ಹಳೆಯ ಉತ್ತರವೊಂದಿದೆ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ನ್ಯಾಯಸ್ಥಾನದ ಲೇಖಕನಿಗೆ, ಎಂದರೆ ಇಂದಿನ ಗುಮಾಸ್ತನಿಗೆ, ಯಾವ ತಪ್ಪಿಗೆ ದಂಡ ಎಂದು ಹೇಳಿದೆ. ಹೇಳಿದ್ದನ್ನು ಬರೆಯದಿದ್ದರೆ ದಂಡ, ಹೇಳದೆ ಇದ್ದದ್ದನ್ನು ಬರೆದರೆ ದಂಡ. ಇವೆರಡು ಯಾರಿಗಾದರೂ ಹೊಳೆಯುತ್ತವೆ. ಚೆನ್ನಾಗಿ ಹೇಳಿದ್ದನ್ನು ಕೆಡಿಸಿ ಬರೆದರೂ ದಂಡ, ಸರಿ. ಆದರೆ ಕೆಟ್ಟದಾಗಿ ಹೇಳಿದ್ದನ್ನು ಚೆನ್ನಾಗಿ ಬರೆದರೂ ದಂಡ! ನಾನು ಈ ಮಾತನ್ನು ಮೊದಲು ಓದಿದಾಗ ಪುಟದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ಸಾಕ್ಷಿ ಹೇಳುವವನ ಮಾತು ಅಂಕುಡೊಂಕಾಗಿರುತ್ತದೆ. ಅದನ್ನು ನೇರ ಮಾಡಿ ಬರೆಯುವುದು ಉಪಕಾರ ಎಂದು ಬರೆಯುವವನಿಗೆ ಅನ್ನಿಸುತ್ತದೆ. ಆದರೆ ಆ ಡೊಂಕಿನಲ್ಲೇ ನಿಜವೋ ಸುಳ್ಳೋ ಅಡಗಿರಬಹುದು. ಅದನ್ನು ತೂಗಬೇಕಾದವರು ಬೇರೆ.

ಈ ಎಚ್ಚರ ನಮ್ಮ ಈಗಿನ ಕಾನೂನಿನಲ್ಲೂ ಇದೆ. ಕ್ರಿಮಿನಲ್ ಪ್ರಕರಣದಲ್ಲಿ ಸಾಕ್ಷಿಯ ಹೇಳಿಕೆಯನ್ನು ಬರೆದ ಮೇಲೆ ಅವನಿಗೆ ಓದಿ ಹೇಳಬೇಕು. ಓದಿದಾಗ, ಸ್ವಾಮಿ ನಾನು ಹಾಗೆ ಹೇಳಲಿಲ್ಲ ಎಂದು ಅವನು ತಕರಾರು ತೆಗೆದರೆ ಏನು ಮಾಡಬೇಕು? ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 278ನೆಯ ಕಲಮಿನ ಪ್ರಕಾರ ನ್ಯಾಯಾಧೀಶರು ಬರೆದದ್ದನ್ನು ತಿದ್ದುವುದರ ಬದಲು ಹಾಗೆಯೇ ಬಿಟ್ಟು, ಅವನ ತಕರಾರನ್ನೂ ತಮ್ಮ ಟಿಪ್ಪಣಿಯನ್ನೂ ಅದರ ಜೊತೆಗೆ ದಾಖಲಿಸಬಹುದು. ಅದರ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಏರ್ಪಾಡನ್ನು ಉಳಿಸಿಕೊಂಡಿದೆ. ಮೊದಲು ಬರೆದದ್ದು, ಆಮೇಲೆ ಬಂದ ತಕರಾರು, ಎರಡೂ ಮುಂದೆ ಓದುವವರ ಕಣ್ಣಿಗೆ ಬೀಳಬೇಕು. ಇದೇ ತತ್ವ ಪುರಸಭೆಯ ಜನನ ಮರಣ ವಹಿಯಲ್ಲೂ ಸಿಗುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಗುಮಾಸ್ತರ ಕೈತಪ್ಪಿನಿಂದ ಏನಾಗಬಹುದು ಎಂಬುದಕ್ಕೆ ಒಂದು ಪ್ರಕರಣ ಹೇಳಲೇಬೇಕು. ಜಂಗ್ ಸಿಂಗ್ ವಿರುದ್ಧ ಬ್ರಿಜ್ ಲಾಲ್ ಎಂಬ ಮೊಕದ್ದಮೆ. ಜಮೀನನ್ನು ಇತರರಿಗಿಂತ ಮೊದಲು ಕೊಳ್ಳುವ ಹಕ್ಕು ತನ್ನದೆಂದು ಜಂಗ್ ಸಿಂಗ್ ದಾವೆ ಹಾಕಿ ಗೆದ್ದಿದ್ದ. ಗೊತ್ತುಪಡಿಸಿದ ಹಣವನ್ನು 1958ರ ಮೇ 1ರೊಳಗೆ ನ್ಯಾಯಾಲಯದಲ್ಲಿ ಠೇವಣಿ ಇಡಬೇಕು, ಇಡದಿದ್ದರೆ ದಾವೆ ವಜಾ ಎಂಬುದು ಡಿಕ್ರಿಯ, ಎಂದರೆ ದಾವೆಯ ಕೊನೆಗೆ ನ್ಯಾಯಾಲಯ ಹೊರಡಿಸಿದ ಆಜ್ಞೆಯ, ಷರತ್ತು. ಅವನು ಗಡುವಿಗೆ ತಿಂಗಳುಗಳ ಮೊದಲೇ ಬಂದು ಅರ್ಜಿ ಕೊಟ್ಟ. ನ್ಯಾಯಾಲಯದ ಕಚೇರಿ ಚಲನ್ ತಯಾರಿಸಿ ಕೊಟ್ಟಿತು. ಚಲನ್‌ನಲ್ಲಿದ್ದಷ್ಟು ಹಣವನ್ನು ಅವನು ಅಂದೇ ಕಟ್ಟಿದ. ಗಡುವು ದಾಟಿದ ಮೇಲೆ ಹಣ ಪಡೆಯಲು ಎದುರು ಪಕ್ಷದವರು ಬಂದಾಗ, ಠೇವಣಿಯಲ್ಲಿ ಒಂದು ರೂಪಾಯಿ ಕಡಿಮೆಯಿರುವುದು ಬೆಳಕಿಗೆ ಬಂತು.

ಒಂದೇ ರೂಪಾಯಿ. ಅದಕ್ಕಾಗಿ ಗೆದ್ದ ದಾವೆ ಕೈಬಿಡುವ ಸ್ಥಿತಿ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನ್ಯಾಯಾಲಯದ ಕೃತ್ಯದಿಂದ ಕಕ್ಷಿಗಾರನಿಗೆ ಹಾನಿಯಾಗಬಾರದು, ನ್ಯಾಯಾಲಯಗಳಿಗೆ ದಾರಿ ತೋರಲು ಇದಕ್ಕಿಂತ ದೊಡ್ಡ ತತ್ವವಿಲ್ಲ ಎಂದು ಹೇಳಿ ಸುಪ್ರೀಂ ಕೋರ್ಟ್ ಜಂಗ್ ಸಿಂಗ್‌ನನ್ನು ಉಳಿಸಿತು. ವಕೀಲರು ಈ ತೀರ್ಪನ್ನು ಆ ತತ್ವಕ್ಕಾಗಿ ನೆನಪಿಟ್ಟುಕೊಳ್ಳುತ್ತಾರೆ. ನಾನು ನೆನಪಿಟ್ಟುಕೊಂಡಿರುವುದು ಚಲನ್ ಬರೆದ ಆ ಹೆಸರಿಲ್ಲದ ಗುಮಾಸ್ತನಿಗಾಗಿ. ಆ ದಿನ ಅವನ ಮುಂದೆ ಎಷ್ಟು ಚಲನ್‌ಗಳಿದ್ದವೋ ಯಾರಿಗೆ ಗೊತ್ತು. ಲೆಕ್ಕದ ಒಂದು ಸಣ್ಣ ಎಡವಟ್ಟಿನಿಂದ ಇಬ್ಬರು ಮನುಷ್ಯರು ಕೆಳಗಿನ ನ್ಯಾಯಾಲಯದಿಂದ ದೆಹಲಿಯವರೆಗೆ ಅಲೆದರು.

ಕೈತಪ್ಪುಗಳಿಗೆ ಸಂಹಿತೆಯಲ್ಲೇ ಮದ್ದಿದೆ. 152ನೆಯ ಕಲಮಿನಂತೆ ತೀರ್ಪು, ಡಿಕ್ರಿ, ಆದೇಶಗಳಲ್ಲಿನ ಬರವಣಿಗೆಯ ಅಥವಾ ಲೆಕ್ಕದ ತಪ್ಪನ್ನು ನ್ಯಾಯಾಲಯ ಯಾವಾಗ ಬೇಕಾದರೂ ತಿದ್ದಬಹುದು, ಅದಕ್ಕೆ ಗಡುವಿಲ್ಲ. ಸರ್ವೆ ನಂಬರಿನಲ್ಲಿ ಒಂದು ಅಂಕಿ ಹಿಂದೆಮುಂದೆಯಾಗಿದ್ದರೆ, ಚಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದ್ದರೆ ಗಾಬರಿಯಾಗಬೇಡಿ, ಅರ್ಜಿ ಹಾಕಿ. ಆದರೆ ಇಲ್ಲೂ ತಿದ್ದುವವರು ನ್ಯಾಯಾಲಯವೇ. ಸ್ನೇಹಿತರೆಂದು ಗುಮಾಸ್ತರ ಹತ್ತಿರ ಹೋಗಿ, ಇಲ್ಲೊಂದು ಅಂಕಿ ಸರಿ ಮಾಡಿಕೊಡಿ ಎಂದು ಕೇಳಬೇಡಿ. ಕೇಳುವವರಿಗೆ ಅದು ಸಣ್ಣ ವಿಷಯ, ಮಾಡುವವರ ನೌಕರಿ ಹೋಗುವ ವಿಷಯ.

ನಕಲು ಶಾಖೆಯ ಬಗ್ಗೆ ಎರಡು ಮಾತು. ಯಾರೂ ಅದಕ್ಕೆ ಗೌರವ ಕೊಡುವುದಿಲ್ಲ, ಹೊಸಬರು ಅಲ್ಲಿಗೆ ಹಾಕಿದರೆ ಮುಖ ಸಣ್ಣದು ಮಾಡುತ್ತಾರೆ. ಮೇಲ್ಮನವಿಗೆ ಹೈಕೋರ್ಟಿಗಾದರೆ 90 ದಿನ, ಬೇರೆ ನ್ಯಾಯಾಲಯಕ್ಕಾದರೆ 30 ದಿನ ಗಡುವು. ಡಿಕ್ರಿಯ ದೃಢೀಕೃತ ನಕಲು ಪಡೆಯಲು ಬೇಕಾದ ಸಮಯವನ್ನು ಕಾಲಮಿತಿ ಕಾಯ್ದೆಯ 12ನೆಯ ಕಲಮಿನಡಿ ಆ ಗಡುವಿನಿಂದ ಬಿಡಬೇಕು. ಆ ಸಮಯ ಎಷ್ಟೆಂದು ಹೇಳುವುದು ಯಾವುದು? ನಕಲಿನ ಮೇಲೆ ಗುಮಾಸ್ತರು ಬರೆದ ತಾರೀಖುಗಳು: ಅರ್ಜಿ ಬಂದ ದಿನ, ಶುಲ್ಕ ಕೇಳಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ. ಇನ್ನೊಂದು ಸೂಕ್ಷ್ಮವೂ ಇದೆ. ನಕಲಿಗೆ ಅರ್ಜಿ ಹಾಕುವ ಮೊದಲೇ ಡಿಕ್ರಿ ತಯಾರಿಸಲು ನ್ಯಾಯಾಲಯ ತೆಗೆದುಕೊಂಡ ಸಮಯ ಈ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಡಿಕ್ರಿ ಇನ್ನೂ ಸಿದ್ಧವಾಗಿಲ್ಲ, ಆದ ಮೇಲೆ ಬಂದು ಅರ್ಜಿ ಕೊಡಿ ಎಂದು ನಕಲು ಶಾಖೆಯವರು ಸದ್ಭಾವದಿಂದಲೇ ಹೇಳಿ ಕಳುಹಿಸಿದರೆ, ಕಕ್ಷಿಗಾರ ತನ್ನ ಗಡುವಿನ ದಿನಗಳನ್ನು ಸುಮ್ಮನೆ ಕಳೆದುಕೊಳ್ಳುತ್ತಾನೆ. ಅರ್ಜಿ ತೆಗೆದುಕೊಂಡು ತಾರೀಖು ಹಾಕಿ ಇಟ್ಟುಕೊಳ್ಳಬೇಕಿತ್ತು, ಅಷ್ಟೇ. ಹೊಸಬರು ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ.

ಈಗ ಪುರಸಭೆಗೆ ಬರೋಣ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಕಾಯ್ದೆ, ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ. ಅಲ್ಲಿನ ಗುಮಾಸ್ತರ ಕೈಯಲ್ಲಿರುವ ವಹಿಗಳಲ್ಲಿ ನನಗೆ ಅತ್ಯಂತ ಗಂಭೀರವಾಗಿ ಕಾಣುವುದು ಜನನ ಮರಣಗಳದ್ದು. ಮನುಷ್ಯನೊಬ್ಬ ಸರ್ಕಾರದ ಲೆಕ್ಕಕ್ಕೆ ಬರುವುದೂ ಹೋಗುವುದೂ ಅಲ್ಲಿ. 1969ರ ಕಾಯ್ದೆಯ ಪ್ರಕಾರ 21 ದಿನಗಳೊಳಗೆ ಮಾಹಿತಿ ಕೊಟ್ಟರೆ ಶುಲ್ಕವಿಲ್ಲದೆ ನೋಂದಣಿ. 30 ದಿನಗಳವರೆಗೆ ತಡವಾದರೆ ವಿಳಂಬ ಶುಲ್ಕ. ಅದಕ್ಕಿಂತ ತಡವಾಗಿ ಒಂದು ವರ್ಷದೊಳಗಾದರೆ ನಿಗದಿತ ಪ್ರಾಧಿಕಾರದ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿ ಅದನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿಗಳ ಕಡೆಗೆ ವರ್ಗಾಯಿಸಿತು. ಅದೇ ತಿದ್ದುಪಡಿಯಿಂದ, 2023ರ ಅಕ್ಟೋಬರ್ 1ರಂದು ಮತ್ತು ಅದರ ನಂತರ ಹುಟ್ಟಿದವರಿಗೆ ಶಾಲೆಗೆ ಸೇರಲು, ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ, ಸರ್ಕಾರಿ ನೌಕರಿಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ ಮತ್ತು ಸ್ಥಳದ ಆಧಾರ. ಎಂದರೆ ಈ ವಹಿಯಲ್ಲಿನ ಒಂದು ಕಾಗುಣಿತದ ತಪ್ಪು ಇನ್ನು ಮುಂದೆ ಮಗುವಿನ ಬೆನ್ನು ಬಿಡುವುದಿಲ್ಲ.

ತಪ್ಪಾದರೆ ತಿದ್ದುವುದು ಹೇಗೆ? ಆಗ ಹೇಳಿದೆನಲ್ಲ, ಅದೇ ತತ್ವ. ಕಾಯ್ದೆಯ 15ನೆಯ ಕಲಮಿನಂತೆ ನೋಂದಣಾಧಿಕಾರಿಗೆ ತಪ್ಪು ಮನವರಿಕೆಯಾದರೆ ಮೂಲ ನಮೂದನ್ನು ಮುಟ್ಟದೆ, ಅಂಚಿನಲ್ಲಿ ಸರಿಯಾದುದನ್ನು ಬರೆದು, ಸಹಿ ಹಾಕಿ ತಾರೀಖು ನಮೂದಿಸಬೇಕು. ಅಳಿಸುವಂತಿಲ್ಲ, ಹೊಡೆದು ಹಾಕುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಂದೆಯ ಹೆಸರು ಆಸ್ಪತ್ರೆಯ ವರದಿಯಲ್ಲಿ ಮನೆಯಲ್ಲಿ ಕರೆಯುವ ಹೆಸರಾಗಿ ಬಂದಿದ್ದರೆ ಆ ಹೆಸರೂ ವಹಿಯಲ್ಲಿ ಹಾಗೆಯೇ ಉಳಿಯುತ್ತದೆ, ಪಕ್ಕದಲ್ಲಿ ಸರಿಯಾದ ಹೆಸರು ನಿಲ್ಲುತ್ತದೆ. ಕೆಲವರಿಗೆ ಇದು ಅವಮಾನವೆನಿಸುತ್ತದೆ, ಪೂರ್ತಿ ತೆಗೆದುಬಿಡಿ ಎಂದು ಜಗಳಕ್ಕೇ ನಿಲ್ಲುತ್ತಾರೆ. ತೆಗೆಯಲು ಬರುವ ವಹಿಯಾಗಿದ್ದರೆ ನಿಮಗಾಗದವರೂ ಬಂದು ನಿಮ್ಮ ಹೆಸರನ್ನು ತೆಗೆಸಬಹುದಿತ್ತು ಎಂಬುದು ಅವರಿಗೆ ಕೊಡಬಹುದಾದ ಉತ್ತರ.

ಇದೇ ಕಾಯ್ದೆಯ 23ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ. ಸಕಾರಣವಿಲ್ಲದೆ ಜನನ ಮರಣವನ್ನು ನೋಂದಾಯಿಸಲು ನಿರಾಕರಿಸಿದ ನೋಂದಣಾಧಿಕಾರಿಗೂ ದಂಡ. 1969ರ ಮೂಲ ಪಠ್ಯದಲ್ಲಿ ಅದು 50 ರೂಪಾಯಿಯವರೆಗೆ ಇತ್ತು. ಮೊತ್ತ ನೋಡಿ ನಗಬೇಡಿ. ತೆಗೆದುಕೊಳ್ಳದಿರುವುದೇ ಅಪರಾಧ ಎಂದು ಕಾನೂನು ಅಷ್ಟು ಹಿಂದೆಯೇ ಹೇಳಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಗೆ ಬಂದರೆ ಅದು ಇನ್ನೂ ಸ್ಪಷ್ಟ. 20ನೆಯ ಕಲಮು ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ಹಾಕುವ ಕಾರಣಗಳನ್ನು ಹೇಳುವಾಗ ಮೊಟ್ಟಮೊದಲು ಹೆಸರಿಸುವುದು ಅರ್ಜಿ ಸ್ವೀಕರಿಸಲು ನಿರಾಕರಿಸುವುದನ್ನು. ಅರ್ಜಿದಾರನಿಗೆ ಬರೆಯಲು ಬಾರದಿದ್ದರೆ, ಅವನು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ಅಧಿಕಾರಿಯೇ ನೆರವಾಗಬೇಕು ಎಂದು 6ನೆಯ ಕಲಮು ಹೇಳುತ್ತದೆ. ಪೊಲೀಸ್ ಠಾಣೆಯ ಬರಹಗಾರರ ಮೇಜಿಗೂ ಇದೇ ನಿಯಮ ಬಂದದ್ದು ನಿಮಗೆ ಗೊತ್ತಿರಬಹುದು: ಸಂಜ್ಞೇಯ ಅಪರಾಧದ, ಎಂದರೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು.

ಖಾತೆಯ ವಿಷಯ ಎತ್ತದಿದ್ದರೆ ನೀವು ನನ್ನನ್ನು ಬಿಡುವುದಿಲ್ಲ. ಖಾತೆ ಎಂಬುದು ತೆರಿಗೆ ಯಾರಿಂದ ವಸೂಲು ಮಾಡಬೇಕೆಂದು ಸ್ಥಳೀಯ ಸಂಸ್ಥೆ ಬರೆದಿಟ್ಟುಕೊಂಡ ದಾಖಲೆ. ಅದು ಒಡೆತನದ ಪತ್ರವಲ್ಲ, ಅದರಿಂದ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಅಣ್ಣ ತಮ್ಮಂದಿರ ಜಗಳದಲ್ಲಿ ಒಬ್ಬರು ತಕರಾರು ಅರ್ಜಿ ಕೊಟ್ಟರೆ ಪುರಸಭೆಯ ವಿಷಯ ನಿರ್ವಾಹಕರು, ಎಂದರೆ ಆ ಕಡತ ನೋಡುವ ಗುಮಾಸ್ತರು, ಅದನ್ನು ತೆಗೆದುಕೊಂಡು, ಬಂದ ಕಾಗದಗಳ ಆವಕ ಸಂಖ್ಯೆ ಕೊಟ್ಟು, ಕಡತಕ್ಕೆ ಸೇರಿಸಿ ಮೇಲಕ್ಕೆ ಮಂಡಿಸಬೇಕು. ಇವರಲ್ಲಿ ಯಾರು ಸರಿ ಎಂದು ಟಿಪ್ಪಣಿ ಹಾಳೆಯಲ್ಲಿ ತೀರ್ಪು ಬರೆಯುವ ಗುಮಾಸ್ತರನ್ನು ನಾನು ಕಂಡಿದ್ದೇನೆ. ಚೆನ್ನಾಗಿಯೇ ಬರೆದಿದ್ದರು, ಆದರೆ ಅದು ಅವರ ಕೆಲಸವಾಗಿರಲಿಲ್ಲ.

ಪರವಾನಗಿಯಲ್ಲಿ ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ನೋಂದಣಿ ಬೇರೆ, ಪರವಾನಗಿ ಬೇರೆ. ಅಂಗಡಿ ತೆರೆದ 30 ದಿನಗಳೊಳಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಗೆ ವಿವರ ಕೊಡಬೇಕು. ವಿವರ ಸರಿಯಿದ್ದರೆ ನೋಂದಣಿಯಾಗುತ್ತದೆ. ಅಲ್ಲಿ ಆಗಿರುವುದನ್ನು ಬರೆದುಕೊಳ್ಳುವುದು ಮಾತ್ರ. ಅದೇ ಅಂಗಡಿಯ ವಹಿವಾಟಿಗೆ ಪುರಸಭೆಯ ಉದ್ದಿಮೆ ಪರವಾನಗಿ ಬೇಕಾದರೆ ಅದು ಮುಂದೆ ಮಾಡಲು ಕೊಡುವ ಅನುಮತಿ; ಕೊಡಬೇಕೋ ಬೇಡವೋ ಎಂದು ಯೋಚಿಸುವ ಅವಕಾಶ ಅಲ್ಲಿದೆ, ಆದರೆ ಯೋಚಿಸಬೇಕಾದವರು ಮುಖ್ಯಾಧಿಕಾರಿ, ಆಯುಕ್ತರು ಅಥವಾ ಅವರು ಅಧಿಕಾರ ಕೊಟ್ಟವರು. ಸಾರಿಗೆ ಕಚೇರಿಯಲ್ಲೂ ಹಾಗೆಯೇ. ಚಾಲನೆಯ ಪರೀಕ್ಷೆ ನಡೆಸುವವರು ಮೋಟಾರು ವಾಹನ ನಿರೀಕ್ಷಕರು. ಕಲಿಕಾ ಪರವಾನಗಿ ಸಿಕ್ಕ 30 ದಿನಗಳ ನಂತರವೇ ಪರೀಕ್ಷೆಗೆ ಹೋಗಬಹುದು, ಆ ಪರವಾನಗಿಗೆ ಆರು ತಿಂಗಳ ಆಯುಸ್ಸು. ಗುಮಾಸ್ತರು ನೋಡುವುದು ಈ ತಾರೀಖುಗಳನ್ನು ಮತ್ತು ಕಾಗದಗಳನ್ನು. ಗೇರು ಹಾಕುವ ಕೈಯನ್ನಲ್ಲ.

ಈ ಗೆರೆ ಅಳಿಸಿಹೋದರೆ ಆಗುವ ಅನ್ಯಾಯಕ್ಕೆ ನನಗೆ ತುಂಬ ಬೇಸರ ತರಿಸುವ ಉದಾಹರಣೆ 1954ರ ವಿಶೇಷ ವಿವಾಹ ಕಾಯ್ದೆಯದು. ಇಬ್ಬರು ವಯಸ್ಕರು ಮದುವೆಯ ನೋಟಿಸು ಕೊಡಲು ಬರುತ್ತಾರೆ. ಕಾಯ್ದೆ ಕೇಳುವುದು ಇಷ್ಟು: ಹುಡುಗನಿಗೆ 21 ವರ್ಷ, ಹುಡುಗಿಗೆ 18 ವರ್ಷ ತುಂಬಿರಬೇಕು, ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು, ಕಾಯ್ದೆ ನಿಷೇಧಿಸಿರುವ ಸಂಬಂಧವಾಗಲಿ ಚಾಲ್ತಿಯಲ್ಲಿರುವ ಬೇರೆ ಮದುವೆಯಾಗಲಿ ಇರಬಾರದು, ಸಮ್ಮತಿ ಕೊಡುವ ಮನಃಸ್ಥಿತಿಯಿರಬೇಕು. ನೋಟಿಸನ್ನು ವಿವಾಹ ನೋಟಿಸು ಪುಸ್ತಕದಲ್ಲಿ ಬರೆದು ಪ್ರಕಟಿಸಬೇಕು. ಯಾರಿಗಾದರೂ ಆಕ್ಷೇಪಣೆಯಿದ್ದರೆ 30 ದಿನಗಳೊಳಗೆ ಅವರು ಬರಲಿ, ವಿವಾಹಾಧಿಕಾರಿ ವಿಚಾರಣೆ ಮಾಡಲಿ. ಮದುವೆಯ ದಿನ ಮೂವರು ಸಾಕ್ಷಿಗಳು ಸಹಿ ಹಾಕಬೇಕು. ತಂದೆ ತಾಯಿಯ ಒಪ್ಪಿಗೆ ಪತ್ರ ಎಂಬ ಮಾತು ಇದರಲ್ಲಿ ಎಲ್ಲಿಯೂ ಇಲ್ಲ. ಆದರೂ, ಮನೆಯವರನ್ನು ಕರೆದುಕೊಂಡು ಬಾರಮ್ಮ, ಆಮೇಲೆ ನೋಡೋಣ ಎಂದು ಹೇಳಿ ಕಳುಹಿಸಿದ ಕಿಟಕಿಗಳಿವೆ. ಹಾಗೆ ಹೇಳಿದವರು ತಾವು ಹಿರಿಯರಾಗಿ ಬುದ್ಧಿ ಹೇಳಿದೆವು ಎಂದುಕೊಂಡಿರುತ್ತಾರೆ. ಕುರ್ಚಿಯಲ್ಲಿ ಕೂತಿರುವಷ್ಟು ಹೊತ್ತು ನೀವು ಯಾರಿಗೂ ಚಿಕ್ಕಪ್ಪನಲ್ಲ, ಚಿಕ್ಕಮ್ಮನಲ್ಲ.

ಇಷ್ಟು ಹೊತ್ತು ಗುಮಾಸ್ತರನ್ನು ಬೈದಂತಾಯಿತು. ಅವರ ಕಡೆಯಿಂದಲೂ ನೋಡಬೇಕು. ಅವರು ಏಕೆ ತೆಗೆದುಕೊಳ್ಳಲು ಹಿಂಜರಿಯುತ್ತಾರೆ? ಸೋಮಾರಿತನ ಎಂಬ ಉತ್ತರ ಸುಲಭ. ನಾನು ಕಂಡಂತೆ ಹೆಚ್ಚಿನ ಕಾರಣ ಭಯ. ತೆಗೆದುಕೊಂಡು ಸಂಖ್ಯೆ ಕೊಟ್ಟ ಗಳಿಗೆಯಿಂದ ಆ ಕಾಗದ ಅವರ ತಲೆಯ ಮೇಲಿನ ಬಾಕಿ. ತಿಂಗಳ ಕೊನೆಯಲ್ಲಿ ಬಾಕಿ ಎಷ್ಟೆಂದು ಮೇಲಿನವರು ಕೇಳುತ್ತಾರೆ. ತೆಗೆದುಕೊಳ್ಳದೆ ಕಳುಹಿಸಿದ್ದು ಎಷ್ಟೆಂದು ಯಾರೂ ಕೇಳುವುದಿಲ್ಲ. ಖಾಲಿ ಹುದ್ದೆಗಳಿಂದಾಗಿ ಒಬ್ಬರೇ ಎರಡು ಮೂರು ಮೇಜುಗಳ ಕಡತ ನೋಡುವ ಕಚೇರಿಯಲ್ಲಿ, ಬಾಕಿ ಬೆಳೆಯದಂತೆ ನೋಡಿಕೊಳ್ಳುವ ಅತ್ಯಂತ ಅಗ್ಗದ ಉಪಾಯ ಅದನ್ನು ಹುಟ್ಟಲು ಬಿಡದಿರುವುದು.

ಸಕಾಲ ಬಂದಾಗ ನನಗೆ ಇದು ಇನ್ನೂ ಚೆನ್ನಾಗಿ ಅರ್ಥವಾಯಿತು. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿ. ಆರಂಭದಲ್ಲಿ 11 ಇಲಾಖೆಗಳ 151 ಸೇವೆಗಳಿದ್ದವು. ಅರ್ಜಿ ಕೊಟ್ಟವರಿಗೆ ಹದಿನೈದು ಅಂಕಿಗಳ ಸಂಖ್ಯೆ, ಪ್ರತಿ ಸೇವೆಗೂ ಇಂತಿಷ್ಟು ದಿನ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ನಿಜವಾಗಿಯೂ ಒಳ್ಳೆಯ ಕಾನೂನು, ಅದರಿಂದ ಕೆಲಸ ಚುರುಕಾದದ್ದನ್ನು ನಾನೇ ಕಂಡಿದ್ದೇನೆ. ಆದರೆ ಗಡಿಯಾರ ಓಡಲು ಶುರುವಾಗುವುದು ಸಂಖ್ಯೆ ಕೊಟ್ಟ ಮೇಲೆ. ಸಂಖ್ಯೆ ಕೊಡುವುದಕ್ಕೇ ತಡ ಮಾಡಿದರೆ? ಇನ್ನೊಂದು ಜೆರಾಕ್ಸ್ ತನ್ನಿ, ಆ ಸಾಹೇಬರ ಸಹಿ ಮಾಡಿಸಿಕೊಂಡು ಬನ್ನಿ, ನಾಳೆ ಬನ್ನಿ ಎಂದರೆ? ವಿಳಂಬ ಮೇಜಿನ ಒಳಗಿನಿಂದ ಹೊರಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತದೆ. ಅಂಕಿಅಂಶದಲ್ಲಿ ಎಲ್ಲವೂ ಸಕಾಲಕ್ಕೆ ವಿಲೇವಾರಿ. ಗಡುವಿನ ಕಾನೂನು ಮಾಡುವವರು ಮೊದಲು ಕಾಯಬೇಕಾದದ್ದು ಸ್ವೀಕೃತಿಯ ಗಳಿಗೆಯನ್ನು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಅಪೂರ್ಣ ಅರ್ಜಿಯನ್ನೂ ಕಣ್ಣು ಮುಚ್ಚಿ ತೆಗೆದುಕೊಳ್ಳಬೇಕೇ ಎಂದು ಮುಂದಿನ ಸಾಲಿನಲ್ಲಿರುವ ಹೊಸ ನೌಕರರ ಮುಖ ಕೇಳುತ್ತಿದೆ. ಕಣ್ಣು ತೆರೆದೇ ತೆಗೆದುಕೊಳ್ಳಿ. ಕೊರತೆಯಿದ್ದರೆ ಹಿಂಬರಹ ಕೊಡಿ. ಇಂತಿಂಥ ದಾಖಲೆ ಇಲ್ಲ, ಇಷ್ಟು ದಿನಗಳೊಳಗೆ ಸಲ್ಲಿಸಿ ಎಂದು ಎರಡು ಸಾಲು ಬರೆದು, ತಾರೀಖು ಹಾಕಿ, ಅಧಿಕಾರಿಯ ಸಹಿ ಮಾಡಿಸಿ ಕೈಗೆ ಕೊಡಿ. ಹಿಂಬರಹ ನಿಮ್ಮನ್ನೂ ಕಾಯುತ್ತದೆ. ನಾಳೆ ಆ ಅರ್ಜಿದಾರ ಲೋಕಾಯುಕ್ತಕ್ಕೆ ದೂರು ಕೊಟ್ಟರೆ, ಕಡತದಲ್ಲಿ ಹಿಂಬರಹದ ಪ್ರತಿಯಿದ್ದವರು ನೆಮ್ಮದಿಯಿಂದ ಉತ್ತರ ಬರೆಯುತ್ತಾರೆ. ಬಾಯಿಮಾತಿನಲ್ಲಿ ಕಳುಹಿಸಿದವರಿಗೆ ತೋರಿಸಲು ಏನೂ ಇರುವುದಿಲ್ಲ. ಬೇಕಾದ ಎಲ್ಲ ಕಾಗದಗಳನ್ನೂ ಒಂದೇ ಹಿಂಬರಹದಲ್ಲಿ ಕೇಳಿ. ವಾರಕ್ಕೊಂದರಂತೆ ಕೇಳುವುದು ಪರಿಶೀಲನೆಯಲ್ಲ, ಪೀಡನೆ.

ಕೊನೆಯದಾಗಿ ಕಂಪ್ಯೂಟರಿನ ಕಿಟಕಿಯ ಬಗ್ಗೆ, ಏಕೆಂದರೆ ಮುಂದೆ ನಿಮ್ಮಲ್ಲಿ ಹೆಚ್ಚಿನವರು ಮುಖ ಮಾಡುವುದು ಅದಕ್ಕೇ. ಸೇವಾ ಸಿಂಧು, ಸಾರಥಿ, ಇ-ಆಸ್ತಿ, ಇ-ಫೈಲಿಂಗ್ ಎಲ್ಲವೂ ಲಂಚದ ಒಂದು ದಾರಿಯನ್ನು ಕಿರಿದು ಮಾಡಿವೆ, ಅದನ್ನು ಒಪ್ಪುತ್ತೇನೆ. ಆದರೆ ಈ ಜಾಲತಾಣಗಳ ಒಂದು ಗುಣ ನನಗೆ ಆತಂಕ ಹುಟ್ಟಿಸುತ್ತದೆ. ನಕ್ಷತ್ರ ಚಿಹ್ನೆಯ ಒಂದು ಅಂಕಣ ಖಾಲಿಯಿದ್ದರೆ ಅದು ಮುಂದಕ್ಕೇ ಹೋಗಲು ಬಿಡುವುದಿಲ್ಲ. ಮೊಬೈಲ್ ಸಂಖ್ಯೆ ಇಲ್ಲದವರು, ಒಂದೇ ಪದದ ಹೆಸರಿರುವವರು, ತಂದೆಯ ಹೆಸರು ಬರೆಯಲು ಇಚ್ಛಿಸದವರು ಅಲ್ಲೇ ನಿಲ್ಲುತ್ತಾರೆ. ಮನುಷ್ಯ ಗುಮಾಸ್ತ ನಿರಾಕರಿಸಿದರೆ ಕೊನೆಗೆ ಅವರ ಮೇಲಧಿಕಾರಿಯ ಕೋಣೆಗೆ ಹೋಗಬಹುದಿತ್ತು. ಇಲ್ಲಿ ನಿರಾಕರಿಸಿದವರು ಯಾರು? ಆ ಅಂಕಣವನ್ನು ಕಡ್ಡಾಯ ಮಾಡಿದವರು ಗುಮಾಸ್ತರೂ ಅಲ್ಲ, ನ್ಯಾಯಾಧೀಶರೂ ಅಲ್ಲ. ಅರ್ಜಿ ಹೋಗಲೇ ಇಲ್ಲವಾದ್ದರಿಂದ ಆವಕ ವಹಿಯಲ್ಲಿ ಅದರ ಸುಳಿವೂ ಇಲ್ಲ.

ನ್ಯಾಯಾಲಯಗಳ ಮುಂದೆ ಈ ಪ್ರಶ್ನೆ ಬಂದಿದೆ. ಜಿಎಸ್‌ಟಿ ಶುರುವಾದಾಗ ಹಳೆಯ ತೆರಿಗೆಯ ಜಮೆಯನ್ನು ಹೊಸ ವ್ಯವಸ್ಥೆಗೆ ತರಲು ಟ್ರಾನ್-1 ಎಂಬ ನಮೂನೆ ತುಂಬಬೇಕಿತ್ತು. ಪೋರ್ಟಲಿನ ತೊಂದರೆಯಿಂದ ಎಷ್ಟೋ ವ್ಯಾಪಾರಿಗಳು ಗಡುವಿನೊಳಗೆ ತುಂಬಲಾಗದೆ ಹೈಕೋರ್ಟುಗಳ ಬಾಗಿಲು ತಟ್ಟಿದರು. ಕೊನೆಗೆ 2022ರಲ್ಲಿ ಸುಪ್ರೀಂ ಕೋರ್ಟ್, ಎರಡು ತಿಂಗಳ ಕಾಲ ಪೋರ್ಟಲನ್ನು ಮತ್ತೆ ತೆರೆಯಿರಿ ಎಂದು ಆದೇಶಿಸಿತು. ಆ ಮೊಕದ್ದಮೆಗಳಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆ, ನೀವು ಗಡುವಿನೊಳಗೆ ಪ್ರಯತ್ನಿಸಿದ್ದಕ್ಕೆ ಏನು ಪುರಾವೆ ಎಂಬುದು.

ಆದ್ದರಿಂದ ಅರ್ಜಿ ಸಲ್ಲಿಸುವಾಗ ಪುಟ ಅಂಟಿಕೊಂಡರೆ ತಾರೀಖು ಮತ್ತು ಸಮಯ ಕಾಣುವಂತೆ ಪರದೆಯ ಚಿತ್ರ ತೆಗೆದಿಡಿ. ಅದೇ ದಿನ ಅದೇ ಅರ್ಜಿಯನ್ನು ಕಾಗದದಲ್ಲಿ ಬರೆದು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ಎರಡನೆಯ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಅಂಚೆಗೆ ಹಾಕಿ. ನೋಂದಾಯಿತ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಹಾಗಾಗಿ ತಲುಪಿದ್ದಕ್ಕೆ ಪುರಾವೆ ಬೇಕೆಂದು ಅಂಚೆ ಕಚೇರಿಯಲ್ಲಿ ಕೇಳಿ ಪಡೆಯಿರಿ. ಅಂಚೆಯಲ್ಲಿ ಕಳುಹಿಸುವುದು ದಾವೆಗೆ ನಡೆಯುವುದಿಲ್ಲ. ವಾದಪತ್ರವನ್ನು ಕಕ್ಷಿಗಾರ ಅಥವಾ ವಕೀಲರೇ ಸಲ್ಲಿಸಬೇಕು. ಖಾತೆ, ಪರವಾನಗಿ, ಜನನ ಮರಣ, ಮಾಹಿತಿ ಹಕ್ಕು ಇವುಗಳ ಅರ್ಜಿಗಳಿಗೆ ನಡೆಯುತ್ತದೆ. ಕಚೇರಿಯ ಕಡೆ ಕೂತಿರುವವರು ಅಂಥ ಲಕೋಟೆ ಬಂದ ದಿನ ಅದನ್ನು ಒಡೆದು, ಅರ್ಜಿಯ ಮೇಲೂ ಲಕೋಟೆಯ ಮೇಲೂ ಮೊಹರು ಹಾಕಿ, ಲಕೋಟೆಯನ್ನು ಎಸೆಯದೆ ಕಡತದಲ್ಲೇ ಪೋಣಿಸಿಡಿ.